ಪಿಕಪ್ ಇಲ್ಲದ ಕಾರಿಗೆ ಮೊದಲು ಗೇಜ್ ಹಾಕಿ

"ಪಿಕಪ್ಪೇ ಇಲ್ಲ ಸಾರ್" ಅಂತ ನಮ್ಮ ಗ್ಯಾರೇಜಿಗೆ ಬರುವ ಗಾಡಿಗಳಿಗೆ ಅಷ್ಟು ಹೊತ್ತಿಗೆ ಪ್ಲಗ್, ಏರ್ ಫಿಲ್ಟರ್ ಎಲ್ಲಾ ಹೊಸದು ಬಿದ್ದಿರುತ್ತದೆ. ದುಡ್ಡು ಹೋಗಿರುತ್ತದೆ, ಗಾಡಿ ಹಾಗೇ ಇರುತ್ತದೆ. ನಾನು ಮೊದಲು ಕೈಗೆತ್ತಿಕೊಳ್ಳುವುದು ವ್ಯಾಕ್ಯೂಮ್ ಗೇಜ್, ಅಂದರೆ ಇಂಜಿನ್ ಗಾಳಿ ಎಳೆಯುವ ಬಲ ತೋರಿಸುವ ಮುಳ್ಳಿನ ಮೀಟರ್. ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡಿನ ಒಂದು ಹೋಸಿಗೆ ಸಿಕ್ಕಿಸಿದರೆ ಆಯಿತು, ಇಂಜಿನ್ ಬಿಚ್ಚುವ ಗೋಜೇ ಇಲ್ಲ.

ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ) ಪಾದರಸದ ಲೆಕ್ಕದಲ್ಲಿ 17ರಿಂದ 22 ಇಂಚು ಬರಬೇಕು ಎನ್ನುತ್ತಾರೆ. ಅದು ಮಂಗಳೂರಿನಂಥ ಕಡಲತಡಿಯ ಊರಿಗೆ ಸರಿ. ಸಾವಿರ ಅಡಿ ಮೇಲೇರಿದಂತೆ ಸುಮಾರು ಒಂದಿಂಚು ಇಳಿಯುತ್ತದೆ. ಬೆಂಗಳೂರು ಇರುವುದು ಸುಮಾರು 3,000 ಅಡಿ ಎತ್ತರದಲ್ಲಿ. ಮಂಗಳೂರಿನಲ್ಲಿ 18 ತೋರಿಸುವ ಇಂಜಿನ್ ಬೆಂಗಳೂರಿನಲ್ಲಿ 15 ತೋರಿಸಿದರೆ ಅದರಲ್ಲಿ ರೋಗವೇನೂ ಇಲ್ಲ. ಹೊಸ ಹುಡುಗರು ಇದನ್ನು ನೋಡಿ ಸುಮ್ನೆ ಗಾಬರಿಯಾಗುತ್ತಾರೆ. ನಂಬರಿಗಿಂತ ಮುಳ್ಳಿನ ನಡೆ ನೋಡಬೇಕು. ಲಯ ತಪ್ಪದೆ ಪದೇ ಪದೇ ಕುಸಿದರೆ ವಾಲ್ವ್ (ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಹೊರಬಿಡುವ ಬಾಗಿಲು) ಮೇಲೆ ಅನುಮಾನ.

ಒಂದು ಹಳೆಯ ಪೆಟ್ರೋಲ್ ಕಾರಿನಲ್ಲಿ ಐಡಲ್ ಚೆನ್ನಾಗೇ ಇತ್ತು. 2,500 ಆರ್‌ಪಿಎಂನಲ್ಲಿ ರೇಸ್ ಹಿಡಿದು ನಿಲ್ಲಿಸಿದೆವು. ಮುಳ್ಳು ಮೊದಲು ನಿಂತಿತು, ಆಮೇಲೆ ನಿಧಾನಕ್ಕೆ ಜಾರತೊಡಗಿತು. ಹೊಗೆ ಹೊರಗೆ ಹೋಗಲಾಗದೆ ಒಳಗೇ ಒತ್ತುತ್ತಿದೆ ಎಂದರ್ಥ. ಹೊಗೆ ಕೊಳವೆಯ ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಹೊಗೆಯ ಒತ್ತಡ ಅಳೆಯುವ ಬ್ಯಾಕ್ ಪ್ರೆಷರ್ ಗೇಜ್ ಕೂರಿಸಿದೆ. ಅಷ್ಟೇ ರೇಸಿನಲ್ಲಿ ಒತ್ತಡ 3 ಪಿಎಸ್‌ಐ ದಾಟಬಾರದು. ಇಲ್ಲಿ 6ರ ಮೇಲಿತ್ತು. ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿತ್ತು.

"ಹಾಗಾದ್ರೆ ಅದೊಂದು ಬದಲಾಯಿಸಿಬಿಡಿ" ಎಂದರು ಓನರ್. ಆದರೆ ಕನ್ವರ್ಟರ್ ತಾನಾಗೇ ಕಟ್ಟಿಕೊಳ್ಳುವುದು ಅಪರೂಪ ಅಲ್ವಾ? ಆಯಿಲ್ ಉರಿಯುತ್ತಿರಬೇಕು, ಇಲ್ಲಾ ಪೆಟ್ರೋಲ್ ಸರಿಯಾಗಿ ಉರಿಯದ ಮಿಸ್‌ಫೈರ್ ಇರಬೇಕು. ಹಾಗಾಗಿ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಎಂದು ನೋಡುವ ಕಂಪ್ರೆಷನ್ ಟೆಸ್ಟ್ ಮಾಡಿದೆವು. ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ತೆಗೆದು, ಪೆಟ್ರೋಲ್ ಮತ್ತು ಇಗ್ನಿಷನ್ ಕಟ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು ಸೆಲ್ಫ್ ಹೊಡೆಯಬೇಕು. ಬ್ಯಾಟರಿ ವೀಕಾಗಿದ್ದರೆ ಎಲ್ಲಾ ಸಿಲಿಂಡರೂ ಕಮ್ಮಿ ತೋರಿಸುತ್ತವೆ. ಅದಕ್ಕೇ ಚಾರ್ಜರ್ ಹಾಕಿಯೇ ಇಟ್ಟಿರುತ್ತೇನೆ. ಒಂದು, ಎರಡು, ನಾಲ್ಕನೇ ಸಿಲಿಂಡರುಗಳಲ್ಲಿ 170 ಪಿಎಸ್‌ಐ ಆಸುಪಾಸು, ಮೂರನೇ ಸಿಲಿಂಡರಿನಲ್ಲಿ ಮಾತ್ರ 120. ಸಿಲಿಂಡರುಗಳ ನಡುವೆ ಶೇ. 10–15ಕ್ಕಿಂತ ಜಾಸ್ತಿ ವ್ಯತ್ಯಾಸ ಒಳ್ಳೆಯದಲ್ಲ. ಆ ಮೂರನೇ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಸೆಲ್ಫ್ ಹೊಡೆದಾಗ 155ಕ್ಕೆ ಏರಿತು. ಆಯಿಲ್ ಹೋಗಿ ಸಂದು ಮುಚ್ಚಿತು, ಅಂದರೆ ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದೆ. ಏರದೇ ಇದ್ದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ ಕೆಳಗಿನ ಸೀಲ್) ನೋಡಬೇಕಿತ್ತು.

ಸವೆದ ರಿಂಗ್ ದಾಟಿ ಬಂದ ಆಯಿಲ್ ಉರಿದು, ಅದರ ಬೂದಿ ಕನ್ವರ್ಟರಿನ ಜೇನುಗೂಡಿನಂಥ ಕಿಂಡಿಗಳಲ್ಲಿ ಕೂರುತ್ತದೆ. ಹೊಸ ಕನ್ವರ್ಟರ್ ಮಾತ್ರ ಹಾಕಿದ್ದರೆ ಅದಕ್ಕೂ ಇದೇ ಗತಿ. ಇಂಜಿನ್ ಕೆಲಸ ಎಂದ ಕೂಡಲೇ ಓನರ್ ಮುಖ ಸಣ್ಣದಾಯಿತು, ನ್ಯಾಯವೇ. ಗೇಜ್ ತೋರಿಸಿದ ಮೇಲೆ ಒಪ್ಪಿದರು. ರಿಂಗ್ ಮುಗಿಸಿ, ಕನ್ವರ್ಟರ್ ಹಾಕಿ ಮತ್ತೆ ಅಳೆದಾಗ ಬ್ಯಾಕ್ ಪ್ರೆಷರ್ 1 ಪಿಎಸ್‌ಐ ಹತ್ತಿರ ನಿಂತಿತು. ಎಲ್ಲಾ ರೀಡಿಂಗ್ ಬಿಲ್ಲಿನ ಹಿಂದೆ ಬರೆದುಕೊಟ್ಟೆ. ಮುಂದೆ ಅವರು ಯಾವ ಗ್ಯಾರೇಜಿಗೆ ಹೋದರೂ ಹೋಲಿಸಿ ನೋಡಲು ಅದು ಬೇಕು.