ಬೈಸಿಕೊಂಡ ಪುಟಾಣಿ ಪ್ಲೇಸ್ಟೇಷನ್: ಸರಿ ಮಾಡುವ ಕೆಲಸ ಎಲ್ಲಿಗೆ ಬಂತು

ಯಾಕೆ ಇದೇ ಡಬ್ಬಿ

ಹಳೇ ಗೇಮ್ ಯಂತ್ರಗಳನ್ನು ಅಂಗೈ ಅಗಲಕ್ಕೆ ಇಳಿಸಿ ಮತ್ತೆ ಮಾರುವ ಗೀಳು 2016ರಲ್ಲಿ ನಿಂಟೆಂಡೊದಿಂದ ಜೋರಾಯಿತು. ಆ ನವೆಂಬರಿನಲ್ಲಿ ಬಂದ ಎನ್‌ಇಎಸ್ ಕ್ಲಾಸಿಕ್‌ನಲ್ಲಿ 30 ಆಟ, ಬೆಲೆ 60 ಡಾಲರ್. ಅಂಗಡಿಗೆ ಬಂದದ್ದೇ ತಡ, ಖಾಲಿ. ಜನ ಮುಖ್ಯವಾಗಿ ಗೊಣಗಿದ್ದು ಎರಡು ವಿಷಯಕ್ಕೆ: ಎಲ್ಲೂ ಸಿಗುತ್ತಿಲ್ಲ, ಮತ್ತೆ ಕಂಟ್ರೋಲರ್ ವೈರ್ ತೀರಾ ಗಿಡ್ಡ. ಮುಂದಿನ ವರ್ಷ ಸೂಪರ್ ಎನ್‌ಇಎಸ್ ಕ್ಲಾಸಿಕ್ ಬಂತು. ಅದರ 21 ಆಟಗಳಲ್ಲಿ ಒಂದು ಸ್ಟಾರ್ ಫಾಕ್ಸ್ 2. ತೊಂಬತ್ತರ ದಶಕದಲ್ಲೇ ತಯಾರಾಗಿ, ಮಾರಾಟಕ್ಕೆ ಬಾರದೆ ಉಳಿದಿದ್ದ ಆಟ. ಜನ ಕುಣಿದಾಡಿದರು.

ಆಮೇಲೆ ಸೋನಿಯ ಸರದಿ. 1994ರ ಡಿಸೆಂಬರ್ 3ಕ್ಕೆ ಜಪಾನಿನಲ್ಲಿ ಮೊದಲ ಪ್ಲೇಸ್ಟೇಷನ್ ಬಂದಿತ್ತು. 2018ರಲ್ಲಿ ಅದೇ ತಾರೀಖಿಗೆ ಪ್ಲೇಸ್ಟೇಷನ್ ಕ್ಲಾಸಿಕ್ ಬಿಟ್ಟರು. 20 ಆಟ, ಎರಡು ಕಂಟ್ರೋಲರ್, 100 ಡಾಲರ್. ಹತ್ತು ಕೋಟಿಗೂ ಮೇಲೆ ಮಾರಾಟವಾದ ಯಂತ್ರದ ಮರಿ ಅಂದರೆ ಮುಗಿಬೀಳಬೇಕಿತ್ತು, ಅಲ್ವಾ? ಆದರೆ ವಿಮರ್ಶಕರು ಹಿಗ್ಗಾಮುಗ್ಗಾ ಬೈದರು. ಆ ತಿಂಗಳು ಮುಗಿಯುವ ಮೊದಲೇ ಬೆಲೆ 60 ಡಾಲರಿಗೆ ಇಳಿಯಿತು. 2019ರಲ್ಲಿ 40ಕ್ಕೂ ಕೆಳಗೆ ಹೋಯಿತು.

ಅಮೆರಿಕದಲ್ಲಿರುವ ನಮ್ಮ ಭಾವ ಹೀಗೆ ಬೆಲೆ ಬಿದ್ದಾಗ ಒಂದು ಕೊಂಡು, ಎರಡು ಸಲ ಆಡಿ, ಅಟ್ಟದ ಮೇಲೆ ಹಾಕಿದ್ದರು. "ನಿಂಗೆ ಬೇಕಾದ್ರೆ ತಗೋ, ನಂಗಂತೂ ಸಾಕು" ಅಂತ ಈ ಸಲ ಊರಿಗೆ ಬಂದಾಗ ತಂದುಕೊಟ್ಟರು. ನನ್ನ ಕುತೂಹಲ ಒಂದೇ. ಬೈದವರು ಸರಿಯಾದ ಕಾರಣಕ್ಕೆ ಬೈದರಾ? ಈ ಡಬ್ಬಿಯನ್ನು ಚೆನ್ನಾಗಿ ಮಾಡಲು ಆಗುತ್ತಾ?

ಮೊದಲ ಶನಿವಾರ

ನೋಡಲು ಏನೂ ತಕರಾರಿಲ್ಲ. 149 ಮಿ.ಮೀ. ಉದ್ದ, 105 ಅಗಲ, 33 ದಪ್ಪ. ಅದೇ ಬೂದು ಬಣ್ಣ, ಹಿಂದೆ ಮುಂದೆ ಅದೇ ಗೀರುಗಳು, ಮೇಲೆ ಅದೇ ಬಣ್ಣದ ಲೋಗೊ. ಮುಚ್ಚಳ ಮಾತ್ರ ತೆಗೆಯಲು ಬರುವುದಿಲ್ಲ. ಆದರೂ ಓಪನ್ ಬಟನ್‌ಗೆ ಒಂದು ಕೆಲಸ ಕೊಟ್ಟಿದ್ದಾರೆ: ಎರಡು ಮೂರು ಸಿಡಿಯ ಆಟಗಳಲ್ಲಿ ಮುಂದಿನ ಸಿಡಿಗೆ ಹೋಗಲು ಅದನ್ನೇ ಒತ್ತಬೇಕು. ರೀಸೆಟ್ ಒತ್ತಿದರೆ ಆಟ ಅಲ್ಲೇ ನಿಂತು ಮೆನು ಬರುತ್ತದೆ. ಇದನ್ನು ಯೋಚಿಸಿದವರು ಹಳೇ ಯಂತ್ರವನ್ನು ನಿಜವಾಗಿ ಪ್ರೀತಿಸಿದವರೇ ಇರಬೇಕು.

ಡಬ್ಬಿಯಲ್ಲಿ ಚಾರ್ಜರ್ ಇಲ್ಲ, ವೈರ್ ಮಾತ್ರ. ಹಳೇ ಫೋನ್ ಚಾರ್ಜರ್ ಹಾಕಿದೆ, ನಡೆಯಿತು. ಮೊದಲು ಕಿತ್ತಳೆ ದೀಪ, ಪವರ್ ಒತ್ತಿದರೆ ಹಸಿರು.

ತಂಗಿಯ ಮಗ ಕಂಟ್ರೋಲರ್ ಹಿಡಿದು ತಿರುಗಿಸಿ ಮುರುಗಿಸಿ ನೋಡಿ, "ಮಾಮ, ಇದ್ರಲ್ಲಿ ಸ್ಟಿಕ್ಕೇ ಇಲ್ವಲ್ಲ!" ಅಂದ. ಹನ್ನೊಂದು ವರ್ಷದವನು ಒಂದೇ ನೋಟಕ್ಕೆ ಹಿಡಿದದ್ದನ್ನು 2018ರಲ್ಲಿ ಎಲ್ಲ ವಿಮರ್ಶಕರೂ ಹಿಡಿದಿದ್ದರು. ಮೊದಲ ಪ್ಲೇಸ್ಟೇಷನ್ ಬಂದಾಗ ಕಂಟ್ರೋಲರಿಗೆ ಕೋಲು ಇರಲಿಲ್ಲ ನಿಜ. ಆದರೆ 1997ರಲ್ಲೇ ಡ್ಯುಯಲ್‌ಶಾಕ್ ಬಂತು. ಎರಡು ಕೋಲು, ಜೊತೆಗೆ ಕೈಯಲ್ಲಿ ನಡುಗುವ ಮೋಟರ್. ಸೋನಿ ಇಲ್ಲಿ ಕೊಟ್ಟದ್ದು ಅದಕ್ಕೂ ಹಿಂದಿನದು. ಹಾಗಾಗಿ ಡ್ಯುಯಲ್‌ಶಾಕ್ ಇಲ್ಲದೆ ಆಡಲಾಗದ ಏಪ್ ಎಸ್ಕೇಪ್ ತರಹದ ಆಟಗಳಿಗೆ ಬಾಗಿಲೇ ಮುಚ್ಚಿತು. ಮೆಟಲ್ ಗಿಯರ್ ಸಾಲಿಡ್‌ನಲ್ಲಿ ಒಬ್ಬ ಖಳ "ಕಂಟ್ರೋಲರ್ ನೆಲದ ಮೇಲಿಡು, ನನ್ನ ಮನಸ್ಸಿನ ಶಕ್ತಿಯಿಂದ ಅಲುಗಾಡಿಸುತ್ತೇನೆ" ಅನ್ನುತ್ತಾನೆ. ಇಲ್ಲಿ ಅದು ಅಲುಗಾಡಲ್ಲ. ಪಾಪ, ಅವನ ಮರ್ಯಾದೆ ಹೋಯಿತು.

ಆಟಗಳ ಪಟ್ಟಿಯ ಬಗ್ಗೆ ಎಲ್ಲರೂ ಬೈದಿದ್ದಾರೆ, ನಾನು ಉದ್ದ ಮಾಡುವುದಿಲ್ಲ. ಕ್ರಾಶ್ ಬ್ಯಾಂಡಿಕೂಟ್ ಇಲ್ಲ, ಟೂಂಬ್ ರೇಡರ್ ಇಲ್ಲ. ಆ ಯಂತ್ರದಲ್ಲಿ ಎಲ್ಲಕ್ಕಿಂತ ಜಾಸ್ತಿ ಮಾರಾಟವಾದ ಗ್ರಾನ್ ಟುರಿಸ್ಮೊ ಕೂಡ ಇಲ್ಲ. ಒಂದೊಂದರ ಹಿಂದೆಯೂ ಹಕ್ಕು, ಕಾರು ಕಂಪನಿಗಳ ಹೆಸರು, ಹಾಡುಗಳ ರಾಯಲ್ಟಿ ಅಂತ ತಲೆನೋವು ಇರುತ್ತದೆ. ಇದನ್ನು ನಾನು ಕ್ಷಮಿಸಬಲ್ಲೆ. ಮುಂದಿನದ್ದನ್ನು ಆಗಲ್ಲ.

50 ಮತ್ತು 60ರ ಜಗಳ

ಹೊಡೆದಾಟದ ಆಟ ಟೆಕ್ಕನ್ 3 ಹಾಕಿದೆ. ಎರಡು ಸುತ್ತು ಆಡುವಷ್ಟರಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಹೊಡೆತ ಬೀಳುತ್ತಿದೆ, ಆದರೆ ಚಿತ್ರ ಸಣ್ಣಗೆ ಮುಗ್ಗರಿಸುತ್ತಿದೆ.

ಕಾರಣ ಹಳೆಯದು. ಹಿಂದಿನ ಟಿವಿಗಳಲ್ಲಿ ಎರಡು ಮುಖ್ಯ ಪದ್ಧತಿ ಇದ್ದವು. ಅಮೆರಿಕ, ಜಪಾನ್ ಕಡೆ ಎನ್‌ಟಿಎಸ್‌ಸಿ, ಸೆಕೆಂಡಿಗೆ 60 ಸಲ ಚಿತ್ರ ಬದಲಾಗುತ್ತದೆ. ಯುರೋಪಿನ ಬಹುಪಾಲು ಕಡೆ ಪಾಲ್, ಸೆಕೆಂಡಿಗೆ 50 ಸಲ. ನಮ್ಮದೂ ಪಾಲ್. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದದ್ದು ಅದರಲ್ಲೇ. ನಮ್ಮೂರಿನ ವಿಡಿಯೋ ಗೇಮ್ ಅಂಗಡಿಯಲ್ಲಿ ಕೆಲವು ಸಿಡಿ ಹಾಕಿದರೆ ಟಿವಿ ಸಡನ್ನಾಗಿ ಕಪ್ಪುಬಿಳುಪಾಗುತ್ತಿತ್ತು. ಅದು ಇದೇ ಜಗಳ: ಎನ್‌ಟಿಎಸ್‌ಸಿ ಆಟ, ಪಾಲ್ ಟಿವಿ. ಅಂಗಡಿಯಣ್ಣ ಟಿವಿ ನೆತ್ತಿಗೆ ಎರಡೇಟು ಹಾಕುತ್ತಿದ್ದ. ಅದರಿಂದೇನೂ ಆಗುತ್ತಿರಲಿಲ್ಲ.

ಪಾಲ್‌ಗೆ ಬದಲಾಯಿಸುವಾಗ ಸರಿಯಾಗಿ ಹೊಂದಿಸದ ಆಟಗಳು ಅಸಲಿಗಿಂತ ನಿಧಾನ ಓಡುತ್ತವೆ. ಟೆಕ್ಕನ್ 3 ಅಮೆರಿಕದಲ್ಲಿ ಸೆಕೆಂಡಿಗೆ 60 ಚಿತ್ರ, ಪಾಲ್‌ನಲ್ಲಿ 50. ಈಗ ಈ ಪುಟಾಣಿ ಟಿವಿಗೆ ಕಳಿಸುವುದು 60ರ ಲೆಕ್ಕದಲ್ಲಿ. ಐವತ್ತನ್ನು ಅರವತ್ತರ ಜಾಗದಲ್ಲಿ ತುಂಬಬೇಕಾದರೆ ಪ್ರತಿ ಐದು ಚಿತ್ರಕ್ಕೆ ಒಂದನ್ನು ಎರಡು ಸಲ ತೋರಿಸಬೇಕು. ಆ ಮುಗ್ಗರಿಕೆ ಅದೇ.

ಈ 20 ಆಟಗಳಲ್ಲಿ 9 ಪಾಲ್‌ನವು. ಟೆಕ್ಕನ್ 3, ಜಂಪಿಂಗ್ ಫ್ಲ್ಯಾಶ್, ರೆಸಿಡೆಂಟ್ ಈವಿಲ್, ಏಬ್ಸ್ ಆಡಿಸಿ, ಹೀಗೆ. ಅದೂ ಅಮೆರಿಕದಲ್ಲಿ ಮಾರಿದ ಡಬ್ಬಿಯಲ್ಲಿ! ಅಲ್ಲಿಯ ಜನ ತಮ್ಮ ಬಾಲ್ಯದಲ್ಲಿ ಒಮ್ಮೆಯೂ ನೋಡಿರದ ನಿಧಾನದ ಆವೃತ್ತಿಯನ್ನು ಅವರ ಬಾಲ್ಯದ ನೆನಪು ಅಂತ ಮಾರಿದರು. ನಿಂಟೆಂಡೊ ಇದರ ತದ್ವಿರುದ್ಧ ಮಾಡಿತ್ತು. ಎನ್‌ಇಎಸ್ ಕ್ಲಾಸಿಕ್ ಕೊಂಡ ಯುರೋಪಿನವರಿಗೂ 60ರ ಅಮೆರಿಕನ್ ಆವೃತ್ತಿಗಳನ್ನೇ ಕೊಟ್ಟಿತು. 2019ರ ಸೆಪ್ಟೆಂಬರಿನಲ್ಲಿ ಬಂದ ಸೆಗಾ ಮೆಗಾ ಡ್ರೈವ್ ಮಿನಿ ಇನ್ನೂ ಒಂದು ಹೆಜ್ಜೆ ಮುಂದೆ. 42 ಆಟ, ಎಮ್ಯುಲೇಟರ್ (ಹೊಸ ಚಿಪ್ಪನ್ನು ಹಳೇ ಯಂತ್ರದ ಹಾಗೆ ನಟಿಸುವಂತೆ ಮಾಡುವ ಪ್ರೋಗ್ರಾಂ) ಕೆಲಸ ಹಳೇ ಆಟಗಳಲ್ಲಿ ಪಳಗಿದ ಎಂ2 ಕಂಪನಿಯದು. ಮೆನುವಿನ ಭಾಷೆ ಜಪಾನಿ ಮಾಡಿದರೆ ಡಬ್ಬಿಯ ಚಿತ್ರ ಮಾತ್ರವಲ್ಲ, ಆಟಗಳೂ ಜಪಾನಿನ ಆವೃತ್ತಿಗೆ ಬದಲಾಗುತ್ತವೆ. ಆವೃತ್ತಿ ಯಾವುದು ಅನ್ನುವುದು ಹಳೇ ಆಟದಲ್ಲಿ ಎಷ್ಟು ದೊಡ್ಡ ವಿಷಯ ಅಂತ ಅವರಿಗೆ ಗೊತ್ತಿತ್ತು. ಜನ ಅದನ್ನು ಹೊಗಳಿದ್ದರಲ್ಲಿ ಆಶ್ಚರ್ಯವಿಲ್ಲ.

ಭಾನುವಾರ ಹಳೇ ಗೆಳೆಯರು ಬಂದಿದ್ದರು. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಟೆಕ್ಕನ್ ಆಡಿದ ಬಳಗ. ಅಂಗಡಿಯಲ್ಲಿ ಇದ್ದ ಒಂದೇ ಕಾನೂನು: ಎಡ್ಡಿ ಅನ್ನುವ ಪಾತ್ರವನ್ನು ತಗೋಬಾರದು. ಅವನನ್ನು ಹಿಡಿದು ಒದೆಯುವ ಎರಡು ಬಟನ್‌ಗಳನ್ನು ಸುಮ್ನೆ ಕುಟ್ಟಿದರೂ ಗೆಲ್ಲಬಹುದು. ಈ ಸಲವೂ ಒಬ್ಬ ಎಡ್ಡಿಯನ್ನೇ ತಗೊಂಡ. ಅವನಿಗೆ ಮುಗ್ಗರಿಕೆ ಕಾಣಲೇ ಇಲ್ಲ, "ಸಕತ್ತಾಗಿದೆ ಮಗಾ" ಅಂದ. ಅವತ್ತಿನಿಂದಲೂ ಲೆಕ್ಕ ಹಾಕಿ ಆಡುವ ಇನ್ನೊಬ್ಬ ಮೊದಲ ಸುತ್ತಿನಲ್ಲೇ ಕಂಟ್ರೋಲರ್ ಕೆಳಗಿಟ್ಟು, "ಕೈ ಒಂದು ಕಡೆ, ಆಟ ಒಂದು ಕಡೆ ಹೋಗ್ತಿದೆ" ಅಂದ. ಬೈದವರು ಅತಿ ಮಾಡಿದರು ಅನ್ನುವವರೆಲ್ಲ ಎಡ್ಡಿ ಪಾರ್ಟಿಯವರು ಅಂತ ನನ್ನ ಅನುಮಾನ.

ಎಸ್ಕೇಪ್ ಬಟನ್

ಡಬ್ಬಿಯೊಳಗೆ ಓಡುತ್ತಿರುವುದು ಸೋನಿ ಬರೆದ ಎಮ್ಯುಲೇಟರ್ ಅಲ್ಲ. ಪಿಸಿಎಸ್‌ಎಕ್ಸ್ ರಿಆರ್ಮ್ಡ್ ಅನ್ನುವ ಓಪನ್ ಸೋರ್ಸ್ ಪ್ರೋಗ್ರಾಂ. ಹವ್ಯಾಸಿಗಳು ಬೆಳೆಸಿದ್ದು, ಯಾರು ಬೇಕಾದರೂ ಬಳಸಬಹುದು. ಬಳಸಿದ್ದು ತಪ್ಪಲ್ಲ, ಲೈಸೆನ್ಸ್ ವಿವರವನ್ನು ಮೆನುವಿನಲ್ಲಿ ತೋರಿಸಿಯೂ ಇದ್ದಾರೆ. ಆದರೆ ಇದೇ ಸೋನಿ 1999ರಲ್ಲಿ ಬ್ಲೀಮ್ ಅನ್ನುವ ಸಣ್ಣ ಕಂಪನಿಯನ್ನು ಕೋರ್ಟಿಗೆ ಎಳೆದಿತ್ತು. ಬ್ಲೀಮ್ ಮಾಡಿದ್ದು ಪ್ಲೇಸ್ಟೇಷನ್ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಎಮ್ಯುಲೇಟರ್. ವಕೀಲರ ಖರ್ಚಿಗೆ ಸುಸ್ತಾಗಿ 2001ರಲ್ಲಿ ಅದು ಬಾಗಿಲು ಹಾಕಿತು.

ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಜನ ಒಂದು ತಮಾಷೆ ಕಂಡುಹಿಡಿದರು. ಮುಂದಿನ ಯುಎಸ್‌ಬಿ ಕಿಂಡಿಗೆ ಕೀಬೋರ್ಡ್ ಸಿಕ್ಕಿಸಿ ಎಸ್ಕೇಪ್ ಒತ್ತಿದರೆ ಎಮ್ಯುಲೇಟರಿನ ಒಳಮೆನು ತೆರೆದುಕೊಳ್ಳುತ್ತದೆ! ಎಲ್ಲ ಕೀಬೋರ್ಡೂ ಆಗುವುದಿಲ್ಲ. ನನ್ನ ಹಳೇ ಲಾಜಿಟೆಕ್ ಒಪ್ಪಿತು. ಅಲ್ಲಿ ಹಳೇ ಟಿವಿಯ ಗೆರೆ ಹಾಕಬಹುದು, ಎಲ್ಲಿ ಬೇಕೋ ಅಲ್ಲಿ ಸೇವ್ ಮಾಡಬಹುದು, ಪಾಲ್ ಎನ್‌ಟಿಎಸ್‌ಸಿ ಕೂಡ ಬದಲಾಯಿಸಬಹುದು. ಆದರೆ ಪಾಲ್ ಆಟವನ್ನು ಬಲವಂತವಾಗಿ 60ಕ್ಕೆ ಎಳೆದರೆ ಅದು ಅಮೆರಿಕದ ಆವೃತ್ತಿ ಆಗಿಬಿಡುವುದಿಲ್ಲ. ಮದ್ದು ಬೇರೆ ಬೇಕು.

ಪೆನ್ ಡ್ರೈವ್ ವಾರ

ಈ ಯಂತ್ರವನ್ನು ಪಳಗಿಸುವುದು ಸುಲಭ. ಸಾಫ್ಟ್‌ವೇರ್ ಕಾಯುವ ಗುಟ್ಟಿನ ಕೀಲಿಯನ್ನು ಯಂತ್ರದೊಳಗೇ ಬಿಟ್ಟಿದ್ದರು. ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಚಪ್ಪಲಿ ಗೂಡಿನಲ್ಲಿ ಇಟ್ಟ ಹಾಗೆ. ಒಂದೆರಡು ವಾರದೊಳಗೆ ಪೆನ್ ಡ್ರೈವ್‌ನಿಂದ ಆಟ ಓಡಿಸುವ ದಾರಿ ಸಿಕ್ಕಿತು. ಮೊದಲು ಬ್ಲೀಮ್‌ಸಿಂಕ್, ಆಮೇಲೆ ಆಟೋಬ್ಲೀಮ್. ಸತ್ತ ಕಂಪನಿಯ ಹೆಸರನ್ನೇ ಎತ್ತಿಕೊಂಡು ಸೋನಿ ಡಬ್ಬಿಗೇ ಅಂಟಿಸಿದ್ದಾರೆ. ಈ ಕಿಡಿಗೇಡಿತನ ನನಗೆ ಬಹಳ ಇಷ್ಟವಾಯಿತು.

ನಾನು ಆಟೋಬ್ಲೀಮ್ ಆರಿಸಿದೆ, ಯಾಕೆಂದರೆ ಅದು ಎಲ್ಲವನ್ನೂ ಪೆನ್ ಡ್ರೈವ್‌ನಲ್ಲೇ ಇಡುತ್ತದೆ. ಕಿತ್ತರೆ ಡಬ್ಬಿ ಮೊದಲಿನ ಹಾಗೆಯೇ. ಮಾಡುವವರಿಗೆ ನಾಲ್ಕು ಮಾತು. ಡ್ರೈವ್‌ಗೆ SONY ಅನ್ನುವ ಬದಲು ಬೇರೆ ಹೆಸರಿಟ್ಟರೆ ಯಂತ್ರ ತಿರುಗಿಯೂ ನೋಡುವುದಿಲ್ಲ, ಇಂಗ್ಲಿಷ್ ದೊಡ್ಡಕ್ಷರದಲ್ಲಿ ಹಾಗೇ ಇಡಿ. ಡ್ರೈವನ್ನು ಎರಡನೇ ಕಂಟ್ರೋಲರಿನ ಕಿಂಡಿಗೆ ಹಾಕಿ. ಮುಂದಿನ ಕಿಂಡಿಗಳು ಕೊಡುವ ಕರೆಂಟ್ ಕಮ್ಮಿ, ಅದಕ್ಕೇ ಹೊಟ್ಟೆಬಾಕ ಹೊಸ ಡ್ರೈವ್‌ಗಳಿಗಿಂತ ಹಳೇ ಯುಎಸ್‌ಬಿ 2 ಡ್ರೈವ್‌ಗಳೇ ಮೇಲು. ಡ್ರಾಯರಿನಲ್ಲಿ ಬಿದ್ದಿದ್ದ ಹಳೇದೊಂದು ಕೊನೆಗೂ ಕೆಲಸಕ್ಕೆ ಬಂತು.

ಆಟಗಳನ್ನು ನನ್ನ ಸಿಡಿಗಳಿಂದಲೇ ತೆಗೆದೆ. ಅಸಲಿ ಪ್ಲೇಸ್ಟೇಷನ್ ಸಿಡಿಯ ಬೆನ್ನು ಕಪ್ಪು. ನಮ್ಮ ಕಾಲದಲ್ಲಿ ಊರಲ್ಲಿ ಓಡಾಡುತ್ತಿದ್ದ ಬೆಳ್ಳಿ ಬೆನ್ನಿನವು ಏನು ಅಂತ ಬಿಡಿಸಿ ಹೇಳಬೇಕಿಲ್ಲ. ದೊಡ್ಡವನಾದ ಮೇಲೆ ಸೆಕೆಂಡ್‌ಹ್ಯಾಂಡಿನಲ್ಲಿ ಕೂಡಿಹಾಕಿದ ಕಪ್ಪು ಬೆನ್ನಿನ ಕೆಲವು ಇದ್ದವು, ಅದರಲ್ಲಿ ಅಮೆರಿಕದ ಟೆಕ್ಕನ್ 3 ಕೂಡ. ಕಂಪ್ಯೂಟರಿನ ಡಿವಿಡಿ ಡ್ರೈವ್‌ಗೆ ಹಾಕಿ ಸಿಡಿಯ ನಕಲಾದ ಬಿನ್ ಫೈಲ್, ಜೊತೆಗೆ ಕ್ಯೂ ಫೈಲ್ ಮಾಡಿಕೊಂಡೆ. ಕ್ಯೂ ಫೈಲ್ ಸಣ್ಣದು ಅಂತ ಬಿಸಾಡಬೇಡಿ. ವೈಪೌಟ್‌ನಂಥ ಆಟಗಳಲ್ಲಿ ಸಂಗೀತ ಮಾಮೂಲಿ ಆಡಿಯೋ ಸಿಡಿಯ ಹಾಗೆಯೇ ಬೇರೆ ಟ್ರ್ಯಾಕ್‌ಗಳಲ್ಲಿ ಇರುತ್ತದೆ. ಯಾವ ಟ್ರ್ಯಾಕ್ ಎಲ್ಲಿ ಅಂತ ಹೇಳುವುದು ಕ್ಯೂ ಫೈಲೇ. ಅದು ಇಲ್ಲದಿದ್ದರೆ ರೇಸು ಮೌನವಾಗಿ ಓಡುತ್ತದೆ.

ಅಮೆರಿಕದ ಟೆಕ್ಕನ್ 3 ಇದೇ ಡಬ್ಬಿಯಲ್ಲಿ ನೀರಿನ ಹಾಗೆ ಓಡಿತು. ಅದೇ ಮೀಡಿಯಾಟೆಕ್ ಚಿಪ್, ಅದೇ 1 ಜಿಬಿ ಮೆಮೊರಿ, ಅದೇ ಎಮ್ಯುಲೇಟರ್. ಬದಲಾದದ್ದು ಒಂದು ಫೈಲ್ ಮಾತ್ರ! ನನಗೆ ಸಿಟ್ಟು ಬಂದದ್ದು ಇಲ್ಲಿ. ಯಂತ್ರ ಸೋತಿದ್ದರೆ ಕಮ್ಮಿ ಬೆಲೆಯ ಚಿಪ್ ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ಮೋಲ್ಡಿಂಗಿನ ಗೀರಿಗೆ ಕೊಟ್ಟ ಗಮನದ ಕಾಲು ಭಾಗವನ್ನು ಆವೃತ್ತಿ ಆರಿಸಲು ಕೊಟ್ಟಿದ್ದರೂ ಅರ್ಧ ಬೈಗುಳ ತಪ್ಪುತ್ತಿತ್ತು.

ಸದ್ಯ ಎಲ್ಲಿದ್ದೇನೆ

ಲೆಕ್ಕದ ಗೆಳೆಯನಿಗೆ ವಿಡಿಯೋ ಕಾಲಿನಲ್ಲಿ ಟಿವಿ ತೋರಿಸಿದೆ. "ಫೋನಲ್ಲಿ ನೋಡಿ ಹೇಳಕ್ಕಾಗಲ್ಲ, ಬಂದೇ ನೋಡ್ತೀನಿ" ಅಂದಿದ್ದಾನೆ. ಟಿವಿಯಲ್ಲಿ ಗೇಮ್ ಮೋಡ್ ಹಾಕಿದ್ದೇನೆ. ಅದಿಲ್ಲದಿದ್ದರೆ ಬಟನ್ ಒತ್ತಿದ್ದಕ್ಕೂ ಹೊಡೆತ ಬೀಳುವುದಕ್ಕೂ ನಡುವೆ ಎಳೆತ ಗೊತ್ತಾಗುತ್ತದೆ. ಆ ತಪ್ಪನ್ನು ಡಬ್ಬಿಯ ತಲೆಗೆ ಕಟ್ಟಬಾರದು.

ಕೋಲಿನ ಸಮಸ್ಯೆ ಅರ್ಧ ಮುಗಿದಿದೆ. ಪೆನ್ ಡ್ರೈವ್‌ನಲ್ಲಿ ರೆಟ್ರೋಆರ್ಕ್ ಅನ್ನುವ ಇನ್ನೊಂದು ಎಮ್ಯುಲೇಟರ್ ಪ್ರೋಗ್ರಾಂ ಸೇರಿಸಿ, ವೈರಿನ ಯುಎಸ್‌ಬಿ ಕಂಟ್ರೋಲರ್ ಹಾಕಿದರೆ ಎರಡೂ ಕೋಲು ಕೆಲಸ ಮಾಡುತ್ತವೆ. ಏಪ್ ಎಸ್ಕೇಪ್‌ನಲ್ಲಿ ತಂಗಿಯ ಮಗ ಕೋತಿ ಹಿಡಿಯುತ್ತಾ ಕೂತರೆ ಊಟಕ್ಕೆ ಕರೆದರೂ ಏಳುವುದಿಲ್ಲ. ತೊಂದರೆ ಕಿಂಡಿಯದ್ದು. ಇರುವುದು ಎರಡೇ, ಒಂದನ್ನು ಪೆನ್ ಡ್ರೈವ್ ತಿಂದಿದೆ, ಇಬ್ಬರು ಆಡಲು ಜಾಗವಿಲ್ಲ. ಬೇರೆ ಕರ್ನಲ್ (ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಂ) ಹಾಕಿದರೆ ಹಿಂದಿನ ಮೈಕ್ರೊ ಯುಎಸ್‌ಬಿ ಕಿಂಡಿಯಲ್ಲೇ ಕರೆಂಟೂ ಡ್ರೈವೂ ಎರಡನ್ನೂ ಕೂರಿಸಬಹುದು. ಆದರೆ ಅದಕ್ಕೆ ಯಂತ್ರದೊಳಗೆ ಕೈ ಹಾಕಬೇಕು. ಭಾವನಿಗೆ ಫೋನ್ ಮಾಡಿ ಕೇಳಿದೆ. "ನಿಂದೇ ಅಲ್ವೇನೋ ಈಗ, ಕೆಟ್ರೆ ಕೆಡ್ಲಿ" ಅಂದರು. ಸ್ವಂತ ಪವರ್ ಇರುವ ಒಂದು ಯುಎಸ್‌ಬಿ ಹಬ್ ಆರ್ಡರ್ ಮಾಡಿದ್ದೇನೆ, ಮೊದಲು ಅದರಲ್ಲಿ ಆಗುತ್ತದಾ ನೋಡುತ್ತೇನೆ. ಆಗದಿದ್ದರೆ ಕರ್ನಲ್.