ಬಿಸಿಲಿಲ್ಲದ ಕಡೆ ಓಜೋನ್

ಕಾರವಾರದಲ್ಲಿ ಇವತ್ತೂ ಸೂರ್ಯನ ಪತ್ತೆ ಇಲ್ಲ. ನಮಗೆ ಬಟ್ಟೆ ಒಣಗೋದಿಲ್ಲ ಅನ್ನೋ ಚಿಂತೆ. ಅಂಟಾರ್ಕ್ಟಿಕಾದಲ್ಲಿ ತಿಂಗಳುಗಟ್ಟಲೆ ಕತ್ತಲು, ಅಲ್ಲಿ ಓಜೋನ್ ಅಳೆಯೋದು ಹೆಂಗೆ?

ನೆಲದ ಮೇಲಿಟ್ಟು ಆಕಾಶದ ಓಜೋನ್ ಅಳೆಯೋ ಡಾಬ್ಸನ್ ಯಂತ್ರ 305.5, 325.4 ನ್ಯಾನೋಮೀಟರ್ ತರಂಗಾಂತರದ ಎರಡು ಬೆಳಕಿನ ಬಲ ಹೋಲಿಸುತ್ತೆ; ಮೊದಲನೆಯದನ್ನ ಓಜೋನ್ ಹೆಚ್ಚು ಹೀರುತ್ತೆ. ಬಿಸಿಲು ಬೇಕು, ಹುಣ್ಣಿಮೆ ಆಸುಪಾಸು ಚಂದ್ರನ ಬೆಳಕಲ್ಲೂ ಹೇಗೋ ನಡೆಯುತ್ತೆ. ಸೂರ್ಯ ದಿಗಂತಕ್ಕೆ ಅಂಟಿಕೊಂಡಿದ್ರೆ, ಯಂತ್ರದೊಳಗೆ ಚದುರಿದ ಬೆಳಕು ಸೇರಿ ಓಜೋನ್ ಕಮ್ಮಿ ತೋರಿಸುತ್ತೆ.

ನನ್ನ ವೋಟು ಉಪಕರಣ ಹೊತ್ತು ಮೇಲೇರೋ ಬಲೂನಿಗೆ, ಇದಕ್ಕೆ ಬೆಳಕೇ ಬೇಡ. ಪುಟ್ಟ ಪಂಪು ಗಾಳಿಯನ್ನ 3 ಮಿ.ಲೀ. ಪೊಟ್ಯಾಸಿಯಂ ಅಯೋಡೈಡ್ ದ್ರಾವಣಕ್ಕೆ ಊದುತ್ತೆ. ಗಾಳಿಯಲ್ಲಿರೋ ಓಜೋನ್ ದ್ರಾವಣದ ಜೊತೆ ರಾಸಾಯನಿಕ ಕ್ರಿಯೆ ನಡೆಸಿ ಕರೆಂಟು ಹರಿಸುತ್ತೆ: ಒಂದು ಓಜೋನ್ ಅಣುವಿಗೆ 2 ಎಲೆಕ್ಟ್ರಾನ್, ಆ ಕರೆಂಟೇ ಓಜೋನಿನ ಲೆಕ್ಕ. ಯಾವ ಎತ್ತರದಲ್ಲಿ ಎಷ್ಟು ಅನ್ನೋದೂ ಸಿಗುತ್ತೆ.

ತಲೆನೋವು ಇಲ್ಲ ಅಂತಲ್ಲ. ಮೇಲೇರಿದಂತೆ ಪಂಪಿನ ದಕ್ಷತೆ ಇಳಿಯುತ್ತೆ, ತಿದ್ದುಪಡಿ ಹಾಕ್ಲೇಬೇಕು. ಚಳಿಗೆ ರಬ್ಬರ್ ಬಲೂನು ಸೆಟೆದು ಬೇಗ ಒಡೆಯುತ್ತೆ. ದಕ್ಷಿಣ ಧ್ರುವದ ಚಳಿಗಾಲದಲ್ಲಿ ಅದಕ್ಕೇ ಪ್ಲಾಸ್ಟಿಕ್ ಬಲೂನು.