ಕಾಸರಗೋಡಿಗೆ ಟೂರ್ ಬಸ್ಸಿನಲ್ಲಿ ಹೊರಟಿದ್ದೀರಾ? ಮೊದಲು ಯಾವ ಜಾಗಕ್ಕೆ ಅಂತ ಕೇಳಿಕೊಳ್ಳಿ

ನಮ್ಮ ಬಸ್ಸು ಮಧೂರು ದೇವಸ್ಥಾನದ ಮುಂದೆ ನಿಂತಾಗ ಮಧ್ಯಾಹ್ನ ಒಂದೂವರೆ. ಬಾಗಿಲು ಹಾಕಿತ್ತು. ಇನ್ನು ತೆಗೆಯುವುದು ಸಂಜೆಯೇ. ಅಮ್ಮ ಮೆಟ್ಟಿಲ ಹತ್ತಿರ ನಿಂತು ಹೊರಗಿನಿಂದಲೇ ಕೈ ಮುಗಿದರು. ಆ ಬೇಸರದಲ್ಲೇ ಇದನ್ನು ಬರೆಯುತ್ತಿದ್ದೇನೆ.

ನಾವು ಸಾಗರದವರು. ಮಂಗಳೂರಿನ ಅಕ್ಕನ ಮನೆಗೆ ಬಂದಿದ್ದೆವು. ಅನಂತಪುರದ ಕೆರೆ ದೇವಸ್ಥಾನ, ಮಧೂರು ಗಣಪತಿ, ಬೇಕಲ ಕೋಟೆ, ಮೂರೂ ಒಂದೇ ದಿನದಲ್ಲಿ ಅಂತ ಟೂರಿನವರು ಹೇಳಿದ್ದರು. ತಲೆಗೆ 950 ರೂಪಾಯಿ, ಊಟ ಬೇರೆ. ಆರೂವರೆಗೆ ಬನ್ನಿ ಅಂದವರು ಸೀಟು ತುಂಬುವವರೆಗೆ ಕಾಯಿಸಿ ಎಂಟೂವರೆಗೆ ಬಸ್ಸು ಬಿಟ್ಟರು. ತಲಪಾಡಿ ಗಡಿ ಬಂದ ಮೇಲೆ, ಕೇರಳ ಪರ್ಮಿಟ್ಟಿಗೆ ಅಂತ ತಲೆಗೆ ಇನ್ನೂ 100 ರೂಪಾಯಿ ಕೇಳಿದರು. ರಸೀದಿ ಕೊಡಿ ಅಂದರೆ ಕೊಡಲಿಲ್ಲ. ದಾರಿ ಮಧ್ಯೆ ಇಳಿದು ಹೋಗುವುದಕ್ಕೆ ಆಗುತ್ತದಾ? ಕೊಟ್ಟೆವು. ಪರ್ಮಿಟ್ಟು, ಪಾರ್ಕಿಂಗು ಎಲ್ಲಾ ಸೇರಿ ಇಷ್ಟೇ ಅಂತ ಹಣ ಕಟ್ಟುವಾಗಲೇ ಬರೆಸಿಕೊಳ್ಳಿ.

ಆದರೆ 100 ರೂಪಾಯಿಗಿಂತ ದೊಡ್ಡ ತಪ್ಪು ಬೇರೆ. ಬಸ್ಸು ಅನಂತಪುರದ ದಾರಿಯನ್ನೂ ಮಧೂರಿನ ದಾರಿಯನ್ನೂ ಬಿಟ್ಟು ಸೀದಾ ಬೇಕಲಕ್ಕೆ ಹೋಯಿತು. ದೂರದ್ದನ್ನು ಮೊದಲು ಮುಗಿಸಿಬಿಟ್ಟರೆ ಬೇಗ ವಾಪಸಾಗಬಹುದು ಅನ್ನುವುದು ಅವರ ಲೆಕ್ಕ. ಮಧ್ಯಾಹ್ನ ದೇವಸ್ಥಾನಗಳು ಮುಚ್ಚುತ್ತವೆ ಅಂತ ಅವರಿಗೆ ಗೊತ್ತಿಲ್ಲದೆ ಇರುತ್ತದಾ?

ಬೇಕಲ ಕೋಟೆ ನಿಜವಾಗಿಯೂ ನೋಡಬೇಕಾದದ್ದು. ಸುಮಾರು 40 ಎಕರೆ, ಪೂರ್ತಿ ಮುರಕಲ್ಲು, ಮೂರು ಕಡೆ ಸಮುದ್ರ. ಕಟ್ಟಿಸಿದವರು ನಮ್ಮ ಕೆಳದಿಯ ಶಿವಪ್ಪ ನಾಯಕರು, 17ನೇ ಶತಮಾನದಲ್ಲಿ. ಕೆಳದಿ ಅಂದರೆ ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಹೋಗಿಬರುವ ಊರು. "ಇಲ್ಲಿವರೆಗೂ ಬಂದಿದ್ರಾ!" ಅಂತ ಅಮ್ಮ ಗೋಡೆ ಮುಟ್ಟಿ ಮುಟ್ಟಿ ನೋಡಿದರು. ನಮ್ಮ ಗೈಡು ಶಿವಪ್ಪ ನಾಯಕರ ಹೆಸರೇ ಎತ್ತಲಿಲ್ಲ. ಸಿನಿಮಾ ಹಾಡು ತೆಗೆದ ಜಾಗ ತೋರಿಸಿ, ಫೋಟೋ ತೆಗೆದುಕೊಳ್ಳಿ ಅಂದರು. ಒಳಗೆ ನೆರಳು ಬಹಳ ಕಡಿಮೆ. ಹನ್ನೊಂದು ಗಂಟೆ ಬಿಸಿಲಿಗೆ ಕಾಲಡಿಯ ಕಲ್ಲು ಕಾದಿತ್ತು. ವಯಸ್ಸಾದವರನ್ನು ಆ ಹೊತ್ತಿಗೆ ಖಂಡಿತ ಕರೆದುಕೊಂಡು ಹೋಗಬೇಡಿ. ನಾಲ್ಕು ಗಂಟೆ ಮೇಲೆ ಹೋಗಿ, ಗಾಳಿಯೇ ಬೇರೆ ಇರುತ್ತದೆ.

ಅನಂತಪುರಕ್ಕೆ ಬಸ್ಸು ಹೋಗಲೇ ಇಲ್ಲ. "ಅದೂ ಮುಚ್ಚಿರುತ್ತೆ" ಅಂದರು, ಅಷ್ಟೇ.

ಎರಡು ದಿನ ಬಿಟ್ಟು ನಾನು, ಅಮ್ಮ ಇಬ್ಬರೇ ಹೊರಟೆವು. ಬೆಳಿಗ್ಗೆ ಬೇಗ ಮಂಗಳೂರಿನಿಂದ ಕಾಸರಗೋಡಿನ ಸರ್ಕಾರಿ ಬಸ್ಸು ಹತ್ತಿ ಕುಂಬಳೆಯಲ್ಲಿ ಇಳಿದೆವು. ಅಲ್ಲಿಂದ ಆಟೋ. ಡ್ರೈವರು ಚೆನ್ನಾಗಿ ಕನ್ನಡ ಮಾತಾಡಿದರು, ಕಾಯುವ ಬಾಡಿಗೆಯನ್ನೂ ಮೊದಲೇ ಹೇಳಿದರು. ಅನಂತಪುರದಲ್ಲಿ ಸುತ್ತ ಬರೀ ಕಲ್ಲುಪಾರೆ, ನಡುವೆ ಹಸಿರು ನೀರಿನ ಕೆರೆ, ಕೆರೆಯ ಮಧ್ಯೆ ಗುಡಿ. ಚಿಕ್ಕ ಸೇತುವೆ ದಾಟಿ ಹೋಗಬೇಕು. ತಿರುವನಂತಪುರದ ಪದ್ಮನಾಭನ ಮೂಲಸ್ಥಾನ ಇದೇ ಅಂತ ನಂಬಿಕೆ. ನೈವೇದ್ಯದ ಅನ್ನ ತಿನ್ನುತ್ತಿದ್ದ ಮೊಸಳೆ ಬಬಿಯ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಮರುವರ್ಷ ಇನ್ನೊಂದು ಮೊಸಳೆ ಕೆರೆಯಲ್ಲಿ ಕಾಣಿಸಿಕೊಂಡಿತು. ನಮಗೆ ಕಾಣಿಸಲಿಲ್ಲ. ಅಮ್ಮನಿಗೆ ಅದರ ಚಿಂತೆಯೇ ಇರಲಿಲ್ಲ. ಜನ ಇಲ್ಲದ ಹೊತ್ತಿನಲ್ಲಿ ಅರ್ಧ ಗಂಟೆ ಸುಮ್ನೆ ಕೂತಿದ್ದರು.

ಕುಂಬಳೆಗೆ ವಾಪಸ್ ಬಂದು ಗಂಜಿ ಊಟ ಮಾಡಿದೆವು. ಇದನ್ನು ಹೇಳಲೇಬೇಕು. ನಾಲ್ಕೇ ಮೇಜಿನ ಹೋಟೆಲು, ಹೊರಗೆ ಬೋರ್ಡು ಕೂಡ ಇಲ್ಲ. ಆಟೋದವರೇ ತೋರಿಸಿದ್ದು. "ಅಮ್ಮಾ, ಫ್ಯಾನಿನ ಅಡಿ ಕೂತುಕೊಳ್ಳಿ, ಗಂಜಿ ಬಿಸಿ ಉಂಟು" ಅಂದರು ಒಳಗಿನಿಂದ ಒಬ್ಬ ತಾಯಿ. ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ತೆಂಗಿನಕಾಯಿ ಚಟ್ನಿ, ಮಿಡಿ ಉಪ್ಪಿನಕಾಯಿ, ಸುಟ್ಟ ಹಲಸಿನ ಹಪ್ಪಳ. ಕೊನೆಗೆ ಒಂದು ಲೋಟ ಪುನರ್ಪುಳಿ ಸಾರು. ಗಂಜಿ ಎಷ್ಟು ಸಲ ಬೇಕಾದರೂ ಬಡಿಸುತ್ತಾರೆ. ಇಬ್ಬರಿಗೂ ಸೇರಿ 120 ರೂಪಾಯಿ. ಟೂರಿನವರು ನಿಲ್ಲಿಸಿದ ಹೋಟೆಲಿನಲ್ಲಿ ಒಬ್ಬೊಬ್ಬರಿಗೇ 220 ಕೊಟ್ಟು ತಣ್ಣಗಿನ ಸಾಂಬಾರು ಉಂಡಿದ್ದೆವು. ಬಡಿಸಿದ ಆ ತಾಯಿ ನಮ್ಮ ಮಾತು ಕೇಳಿ "ಘಟ್ಟದ ಮೇಲಿನವರಾ?" ಅಂದರು. ತಾವು ಕಲಿತದ್ದು ಕನ್ನಡ ಶಾಲೆಯಲ್ಲೇ, ಈಗ ಮೊಮ್ಮಕ್ಕಳನ್ನೂ ಅದೇ ಶಾಲೆಗೆ ಕಳಿಸುತ್ತಿದ್ದೇವೆ ಅಂದರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು ಅಂತ ಓದಿದ್ದೆ. ಆ ಮೇಜಿನ ಮುಂದೆ ಕೂತಾಗ ನನಗೆ ಬೇರೆ ರಾಜ್ಯ ಅಂತ ಅನಿಸಲೇ ಇಲ್ಲ.

ಅದೇ ಆಟೋದಲ್ಲಿ ಹನ್ನೊಂದಕ್ಕೆ ಮಧೂರು ತಲುಪಿದೆವು. ಬಾಗಿಲು ತೆರೆದಿತ್ತು. ಇಲ್ಲಿನ ಪ್ರಸಾದ ಅಪ್ಪ ಅನ್ನುವ ಸಿಹಿ ತಿಂಡಿ. ಅದಕ್ಕೆ ಮೊದಲು ರಸೀದಿ ಮಾಡಿಸಿ, ಆಮೇಲೆ ದರ್ಶನಕ್ಕೆ ನಿಲ್ಲಿ. ಹಿಂದುಗಡೆ ಹೋಗಿ ಗುಡಿಯ ಮಾಡು, ಅಂದರೆ ಛಾವಣಿ, ನೋಡುವುದನ್ನು ಮರೆಯಬೇಡಿ, ಆನೆಯ ಬೆನ್ನಿನ ಹಾಗೆ ದುಂಡಗೆ ಕಟ್ಟಿದ್ದಾರೆ.

ಕಾಸರಗೋಡಿನಿಂದ ವಾಪಸ್ ರೈಲಿನಲ್ಲಿ ಬಂದೆವು. ಅಕ್ಕನ ಮನೆಗೆ ಅಂತ ತಂದ ಅಪ್ಪದ ಪೊಟ್ಟಣವನ್ನು ಅಮ್ಮ ಮಂಗಳೂರು ಬರುವವರೆಗೂ ಮಡಿಲಿನಿಂದ ಇಳಿಸಲಿಲ್ಲ.